ಇಪ್ಪತ್ತನೆಯ ತಾರೀಕಿನ ಫೆರಿ

ಮಸೀರಾ ದ್ವೀಪ, ಒಮಾನ್
೨೩ ಮೇ ೨೦೨೪, ಗುರುವಾರ

ಪ್ರೀತಿಯ ವಿನೋದಾಳಿಗೆ ಬೀಫಾತುಮ್ಮಳ ಸಲಾಂ.

ಈ ಅಕ್ಷರ ನೋಡಿ ಯಾರೆಂದು ಗೊತ್ತಾಗಲಿಕ್ಕಿಲ್ಲ. ಕಾಟಿಪಳ್ಳದಲ್ಲಿ ನಿನ್ನ ಅಮ್ಮನ ಜೊತೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವಳು ನಾನು. ಮೂರು ವರ್ಷದ ಹಿಂದೆ ಊರಿನಿಂದ ಬಂದಿಳಿದ ದಿನ ಮಸ್ಕತ್ತಿನ ವಾದಿ ಕಬೀರ್‌ನ ನಿನ್ನ ಮನೆಯಲ್ಲಿ ಊಟ ಮಾಡಿ ಹೋಗಿದ್ದೆ. ಏಳನೇ ಕ್ಲಾಸು ಬಿಟ್ಟ ಮೇಲೆ ಪತ್ರ ಬರೆದದ್ದೇ ಇಲ್ಲ. ತಪ್ಪಿದ್ದಲ್ಲಿ ಸರಿ ಮಾಡಿಕೊಂಡು ಓದು, ಮಗಾ.

ನನ್ನ ಹತ್ತಿರ ಫೋನ್ ಇಲ್ಲ. ರಂಜಾನ್ ಮುಗಿದ ವಾರ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಹಾಳಾಯಿತು. ನಂಬರುಗಳೆಲ್ಲ ಅದರೊಳಗೇ ಹೋದವು. ವೀಸಾ ಕೊಟ್ಟು ಕರೆಸಿಕೊಂಡ ನನ್ನ ಕಫೀಲ್ ಫಾಹಿಮ್ ಹೊಸದು ತರುತ್ತೇನೆಂದು ಬಂದಾಗಲೆಲ್ಲ ಹೇಳುತ್ತಾನೆ. ಅವನಿಗೆ ದುಕ್ಮ್‌ನಲ್ಲಿ ಕೆಲಸ. ಹದಿನೈದು ದಿನಕ್ಕೊಮ್ಮೆ ಫೆರಿಯಲ್ಲಿ ಬಂದು ತಾಯಿಯನ್ನು ನೋಡಿ ಹೋಗುತ್ತಾನೆ. ಆ ತಾಯಿಯನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮಾಮಾ ಝುವೈನಾ ಎನ್ನುತ್ತೇವೆ. ಬಲಗೈ, ಬಲಗಾಲು ಆಡುವುದಿಲ್ಲ. ತಿನ್ನಿಸುವುದು, ಮಗ್ಗುಲು ಬದಲಿಸುವುದು, ತೊಳೆಯುವುದು ಎಲ್ಲ ನಾನೇ. ಒಳ್ಳೆಯ ಹೆಂಗಸು. ಅದನ್ನು ಮೊದಲೇ ಹೇಳುತ್ತೇನೆ, ನೀನು ಬೇರೆ ಏನಾದರೂ ಎಣಿಸುವುದು ಬೇಡ.

ಮನೆ ಇರುವುದು ದ್ವೀಪದ ತೆಂಕು ಭಾಗದಲ್ಲಿ, ಫೆರಿ ನಿಲ್ಲುವ ಹಿಲ್ಫ್ ಪೇಟೆಯಿಂದ ಒಂದು ಗಂಟೆ ದೂರ. ಹಿಂದೆ ಕಪ್ಪು ಗುಡ್ಡ. ಸಮುದ್ರದ ಅಡಿಯಲ್ಲಿ ಬೆಂಕಿ ಕಾರಿ ಹೆಪ್ಪುಗಟ್ಟಿದ ಕಲ್ಲಂತೆ, ದಿಂಬುಗಳನ್ನು ಪೇರಿಸಿಟ್ಟ ಹಾಗೆ ಕಾಣುತ್ತದೆ. ಆ ಗುಡ್ಡದಿಂದಾಗಿ ಮನೆಗೆ ಫೋನಿನ ಸಿಗ್ನಲ್ ಬರುವುದಿಲ್ಲ. ಅಂಗಡಿ ಮೂರು ಕಿಲೋಮೀಟರ್ ದೂರ. ಮಾಮಾರನ್ನು ಒಬ್ಬರನ್ನೇ ಬಿಟ್ಟು ಅಷ್ಟು ದೂರ ನಡೆಯುವ ಹಾಗಿಲ್ಲ.

ಈಗ ವಿಷಯ. ನನ್ನ ಮಗಳು ಇರ್ಫಾನಾ ಬಸುರಿ, ಆರು ತಿಂಗಳು ತುಂಬಿದೆ. ಎರಡು ಸಲ ನಿಲ್ಲದೆ ಹೋಗಿ, ಇದು ನಿಂತದ್ದು. ಏಳಕ್ಕೆ ಬಂದು ಕೂರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಎರಡು ವರ್ಷಕ್ಕೆ ಸಿಗಬೇಕಾದ ರಜೆ ಮೂರಾದರೂ ಸಿಕ್ಕಿಲ್ಲ. ಕೇಳಿದರೆ ಫಾಹಿಮ್ "ಬುಕ್ರಾ, ಇನ್ಶಾಅಲ್ಲಾ" ಎನ್ನುತ್ತಾನೆ. ನಾಳೆ ಅಂತ ಅದರ ಅರ್ಥ. ಪಾಸ್‌ಪೋರ್ಟು, ಕಾರ್ಡು ಎರಡೂ ಅವನ ಹತ್ತಿರವೇ ಇವೆ. ನೀನು ವೀಸಾ ಕಾಗದ ಟೈಪ್ ಮಾಡುವ ಆಫೀಸಿನಲ್ಲಿರುವವಳು, ದಾರಿ ಗೊತ್ತಿರಬಹುದು. ಮತ್ತೆ ಇರ್ಫಾನಾ ಹೇಗಿದ್ದಾಳೆಂದು ನಿನ್ನ ಅಮ್ಮನ ಹತ್ತಿರ ಕೇಳಿ ಬರೆ.

ಅಂಗಡಿಯ ಬಂಗಾಳಿ ಗುರುವಾರ ಸಾಮಾನು ತರುವಾಗ ಇದನ್ನು ಕೊಡುತ್ತೇನೆ. ವಾರಕ್ಕೊಮ್ಮೆ ಮಸ್ಕತ್ತಿನಿಂದ ತರಕಾರಿ ಹಾಕಿಕೊಂಡು ಫೆರಿಯಲ್ಲಿ ಬರುವ ಪಿಕಪ್ಪಿನ ಡ್ರೈವರ್ ಶಾಫಿ ನಮ್ಮ ವಿಟ್ಲದವನಂತೆ. ಹಿಲ್ಫ್‌ನಲ್ಲಿ ಇಳಿಸಿ ಅದೇ ಫೆರಿಗೆ ತಿರುಗುತ್ತಾನಂತೆ, ಇಲ್ಲಿಯವರೆಗೆ ಬರುವುದಿಲ್ಲ. ಅವನ ಕೈಯಲ್ಲಿ ನಿನಗೆ ತಲುಪಬಹುದು.

ಬೀಫಾತುಮ್ಮ


ವಾದಿ ಕಬೀರ್
೨೮ ಮೇ ೨೦೨೪

ಬೀಫಾತುಮ್ಮಕ್ಕನಿಗೆ ವಿನೋದಾಳ ನಮಸ್ಕಾರ.

ನಿಮ್ಮನ್ನು ಮರೆಯುವುದುಂಟಾ ಅಕ್ಕ? ಶಾಫಿಯವರು ಮಬೇಲಾದಿಂದ ಇಲ್ಲಿಯವರೆಗೆ ಹುಡುಕಿಕೊಂಡು ಬಂದು ಕೊಟ್ಟರು. ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ನಿಮ್ಮ ಮನೆಗೆ ಹೋಗಿ ನೋಡಿ ಬಂದರು. ಇರ್ಫಾನಾ ಚೆನ್ನಾಗಿದ್ದಾಳೆ. ಕಾಲು ಸ್ವಲ್ಪ ಊದಿದೆಯಂತೆ, ಅದು ಎಲ್ಲರಿಗೂ ಇರುವಂಥದ್ದು. ನಿಮ್ಮ ಕಿರಿಯವಳು ಫರ್ಝಾನಾ ಪಿಯುಸಿಗೆ ಹೋಗುತ್ತ ಅಕ್ಕನನ್ನೂ ನೋಡಿಕೊಳ್ಳುತ್ತಿದ್ದಾಳೆ. ಅಳಿಯ ಶರ್ಫುದ್ದೀನ್ ರಿಕ್ಷಾ ಓಡಿಸಿ ಮಧ್ಯಾಹ್ನವೂ ಒಮ್ಮೆ ಮನೆಗೆ ಬಂದು ಹೋಗುತ್ತಾರಂತೆ. ಚಿಂತೆ ಮಾಡಬೇಡಿ.

ಇನ್ನು ನಿಮ್ಮ ವಿಷಯ. ಕೆಲಸದವರ ಪಾಸ್‌ಪೋರ್ಟು ಕಫೀಲ್ ಇಟ್ಟುಕೊಳ್ಳುವ ಹಾಗೇ ಇಲ್ಲ. ನಾನು ದಿನವಿಡೀ ಇಂಥ ಅರ್ಜಿಗಳನ್ನೇ ತುಂಬುವವಳು. ಒಂದು ದೂರು ಬರೆದು ಕೊಟ್ಟರೆ ಫಾಹಿಮ್ ತಾನಾಗಿ ಓಡಿ ಬರುತ್ತಾನೆ. ಬರೆದು ಇಟ್ಟಿದ್ದೇನೆ, ನಿಮ್ಮ ಸಹಿ ಸಾಕು. ಇದರ ಜೊತೆಗೇ ಕಳಿಸಿದ್ದೇನೆ, ಗುರುತು ಹಾಕಿದ ಜಾಗದಲ್ಲಿ ಹೆಸರು ಬರೆದು ವಾಪಸು ಕಳಿಸಿ. ಹೆದರಬೇಡಿ. ಜುಲೈ ಒಳಗೆ ನಿಮ್ಮನ್ನು ಮಂಗಳೂರಿನ ವಿಮಾನ ಹತ್ತಿಸುವುದು ನನ್ನ ಜವಾಬ್ದಾರಿ.

ವಿನೋದಾ


ಮಸೀರಾ
೧೩ ಜೂನ್ ೨೦೨೪

ವಿನೋದಾ,

ನಿನ್ನ ಕಾಗದಕ್ಕೆ ಸಹಿ ಹಾಕಲಿಲ್ಲ. ಬೈಯಬೇಡ. ದೂರು ಎಂದರೆ ಪೊಲೀಸು, ವಿಚಾರಣೆ, ನನ್ನನ್ನು ಬೇರೆ ಎಲ್ಲಾದರೂ ಇಡುವುದು. ಅಷ್ಟರಲ್ಲಿ ಮಾಮಾರನ್ನು ಯಾರು ನೋಡುತ್ತಾರೆ? ಅದಕ್ಕೆ ಬದಲಾಗಿ ನಾನು ಒಂದು ಹುಚ್ಚು ಕೆಲಸ ಮಾಡಿದೆ. ನಿನಗೆ ಹೇಳದೆ ಮನಸ್ಸು ತಡೆಯುವುದಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಮಾಮಾರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಎರಡೂ ಕಡೆ ದಿಂಬು ಇಟ್ಟೆ. ನೆರೆಮನೆ ಎಂದರೆ ಆಡು ಸಾಕುವವರದ್ದು. ಅವರ ಸೊಸೆಗೆ ಮಧ್ಯಾಹ್ನ ಒಮ್ಮೆ ನೋಡು ಎಂದು ಕೈಸನ್ನೆ ಮಾಡಿ ಬಂಗಾಳಿಯ ಗಾಡಿ ಹತ್ತಿದೆ. ಬಟ್ಟೆಯ ಗಂಟು ಕೂಡ ತೆಗೆದುಕೊಳ್ಳಲಿಲ್ಲ. ಫೆರಿ ಹತ್ತಿ ಆಚೆ ದಡದ ಶನ್ನಾದಲ್ಲಿ ಇಳಿದರೆ ಯಾವುದಾದರೂ ಗಾಡಿ ಸಿಕ್ಕೀತು, ನಿನ್ನ ಮನೆ ಸೇರಿದರೆ ಆಯಿತು. ಅಷ್ಟೇ ಯೋಚನೆ.

ಫೆರಿ ನಿಂತಿತ್ತು, ವಿನೋದಾ. ಬಾಗಿಲು ನೆಲಕ್ಕೆ ಇಳಿಸಿ, ಮೀನಿನ ಲಾರಿಗಳು ಒಂದೊಂದೇ ಒಳಗೆ ಹೋಗುತ್ತಿದ್ದವು. ನಾನು ಲಾರಿಗಳ ಬದಿಯಿಂದ ನಡೆದು ಹೋದೆ. ಕಬ್ಬಿಣದ ಮೇಲೆ ಒಂದು ಕಾಲು ಇಟ್ಟೆ ಕೂಡ. ಆಗ ಒಬ್ಬ ಪೊಲೀಸ್ ಬಂದ, ಚಿಕ್ಕ ಪ್ರಾಯದವನು. "ಬತಾಕಾ?" ಎಂದ. ಕಾರ್ಡು ಎಲ್ಲಿ ಅಂತ. ಮನೆಯಲ್ಲುಂಟು ಎಂದೆ. "ಖಾಲಾ, ಕಾರ್ಡು ಇಲ್ಲದೆ ಹತ್ತಿಸಲಿಕ್ಕೆ ಆಗುವುದಿಲ್ಲ" ಅಂತ ಹಿಂದಿಯಲ್ಲಿ ಮೆಲ್ಲ ಹೇಳಿದ. ಜೋರು ಮಾಡಲಿಲ್ಲ. ನೆರಳಿನಲ್ಲಿ ಕೂರಿಸಿ ನೀರು ಕೊಟ್ಟ. ಬೈದಿದ್ದರೆ ಜಗಳ ಮಾಡುತ್ತಿದ್ದೆನೋ ಏನೋ. ಆ ಬಾಗಿಲು ಮೇಲೆ ಎದ್ದು, ಫೆರಿ ಹಿಂದೆ ಸರಿದು, ಸಣ್ಣದಾಗುವವರೆಗೆ ನೋಡುತ್ತಾ ಕೂತೆ.

ಮನೆಗೆ ಬರುವಾಗ ಮಾಮಾ ನೆಲದಲ್ಲಿದ್ದರು. ನನ್ನನ್ನು ಕರೆದು ಕರೆದು, ಎಡಗೈ ಊರಿ ಏಳಲು ಹೋಗಿ ಬಿದ್ದಿದ್ದರು. ಹಣೆ ಒಡೆದಿತ್ತು. ಆಡಿನವರ ಸೊಸೆ ಬಂದೇ ಇರಲಿಲ್ಲ. ಎತ್ತಿ ಮಲಗಿಸಿದೆ. ಅವರು ಬೈಯಲಿಲ್ಲ. ನನ್ನ ಸೆರಗು ಹಿಡಿದು "ಫಾತ್ಮಾ, ಫಾತ್ಮಾ" ಎಂದರು, ಅಷ್ಟೇ.

ಇನ್ನು ಹೀಗೆ ಕದ್ದು ಹೋಗಲಾರೆ. ಆದರೆ ಹೋಗದೆ ಇರಲಾರೆ. ಏನಾದರೂ ಮಾಡು ಮಗಾ. ಗಾಳಿ ಶುರುವಾಗಿದೆ. ಇನ್ನು ಆಗಸ್ಟಿನವರೆಗೆ ಸಮುದ್ರ ಒಂದೇ ಸಮನೆ ಇರುವುದಿಲ್ಲ, ಕೆಲವು ದಿನ ಫೆರಿಯೇ ಹೊರಡುವುದಿಲ್ಲವಂತೆ.

ಬೀಫಾತುಮ್ಮ


ವಾದಿ ಕಬೀರ್
೧೮ ಜೂನ್ ೨೦೨೪

ಬೀಫಾತುಮ್ಮಕ್ಕ,

ನಿನ್ನೆ ಬಕ್ರೀದ್. ನೀವು ಒಬ್ಬರೇ ಏನು ಮಾಡಿದಿರೋ ಎಂದು ಎಣಿಸುತ್ತಿದ್ದೆ.

ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಬಂಗಾಳಿಯ ನಂಬರು ಶಾಫಿಯವರಿಂದ, ಅವನಿಂದ ಫಾಹಿಮ್ ನಂಬರು ತೆಗೆದುಕೊಂಡೆ. ಆಫೀಸಿನಿಂದಲೇ ಫೋನ್ ಮಾಡಿದೆ. ಚೆನ್ನಾಗಿ ಝಾಡಿಸಬೇಕೆಂದು ಮೊದಲೇ ಬರೆದಿಟ್ಟುಕೊಂಡಿದ್ದೆ. ಅವನು ಪೂರ್ತಿ ಕೇಳಿದ. ಆಮೇಲೆ ಹೇಳಿದ:

"ಸಿಸ್ಟರ್, ನೀನು ಹೇಳಿದ್ದೆಲ್ಲ ಸರಿ. ನಾಲ್ಕು ಏಜೆನ್ಸಿಗೆ ಹೋದೆ. ಮಸೀರಾ ಎಂದ ಕೂಡಲೇ ಯಾರೂ ಒಪ್ಪುವುದಿಲ್ಲ. ಫಾತ್ಮಾ ಹೋದರೆ ನನ್ನ ತಾಯಿ ಒಂದು ವಾರ ಬದುಕುವುದಿಲ್ಲ. ನೀನಾದರೆ ಏನು ಮಾಡುತ್ತಿದ್ದೆ?"

"ನನ್ನ ಅಮ್ಮನಿಗಾಗಿ ಇನ್ನೊಬ್ಬರ ಅಮ್ಮನನ್ನು ಕಟ್ಟಿಹಾಕುತ್ತಿರಲಿಲ್ಲ" ಎಂದೆ.

ಅವನು ಫೋನ್ ಇಟ್ಟುಬಿಟ್ಟ. ಕೆಲಸ ಕೆಟ್ಟಿತು ಎಂದುಕೊಂಡೆ. ಎರಡು ಗಂಟೆಯ ಮೇಲೆ ಅವನೇ ಮಾಡಿದ. ಜುಲೈ ೧೯ಕ್ಕೆ ಒಬ್ಬ ಹೊಸ ಹೆಂಗಸು ಬರುತ್ತಾಳೆ, ೨೦ನೇ ತಾರೀಕು ಶನಿವಾರದ ಫೆರಿಗೆ ಫಾತ್ಮಾಳನ್ನು ನಾನೇ ಹತ್ತಿಸುತ್ತೇನೆ, ಕಾರ್ಡು, ಪಾಸ್‌ಪೋರ್ಟು ಕೈಗೇ ಕೊಡುತ್ತೇನೆ ಎಂದ. ನಾನು ೨೧ಕ್ಕೆ ಮಂಗಳೂರಿನ ವಿಮಾನದ ಟಿಕೆಟ್ ಮಾಡಿದ್ದೇನೆ. ಶಾಫಿಯವರು ಶನ್ನಾದಿಂದ ಕರೆತರುತ್ತಾರೆ. ನನ್ನ ಮನೆಯಲ್ಲಿ ಊಟ ಮಾಡಿ ಹೊರಡುವುದು.

ಇರ್ಫಾನಾಳಿಗೆ ಬಿಪಿ ಸ್ವಲ್ಪ ಉಂಟಂತೆ. ಮಾತ್ರೆ ಕೊಟ್ಟಿದ್ದಾರೆ, ಉಪ್ಪು ಬಿಡಿಸಿದ್ದಾರೆ. ನನ್ನ ಅಮ್ಮ ಹೋದಾಗಲೆಲ್ಲ "ಉಮ್ಮ ಯಾವಾಗ ಬರುದು?" ಅಂತ ಕೇಳ್ತಾಳಂತೆ. ೨೧ ಎಂದು ಹೇಳಿ ಎಂದಿದ್ದೇನೆ. ದಿನ ಎಣಿಸುತ್ತಾ ಇರಿ.

ವಿನೋದಾ


ಮಸೀರಾ
೧೧ ಜುಲೈ ೨೦೨೪

ವಿನೋದಾ,

ಮೂರು ವಾರ ಬರೆಯಲಾಗಲಿಲ್ಲ. ಮಾಮಾರಿಗೆ ಬೆನ್ನಿನಲ್ಲಿ ಹುಣ್ಣಾಗಿ ಜ್ವರ ಬಂದಿದೆ. ಹಿಲ್ಫ್‌ನಿಂದ ಡಾಕ್ಟರು ಬಂದು ನೋಡಿದರು. ಆಸ್ಪತ್ರೆಗೆ ಬೇಡ, ಮನೆಯಲ್ಲೇ ಇಡಿ ಎಂದು ಫಾಹಿಮ್‌ನ ಹತ್ತಿರ ಏನೋ ಹೇಳಿದರು. ಅವನು ಗೋಡೆ ನೋಡುತ್ತಾ ನಿಂತಿದ್ದ.

ಕಾರ್ಡು ಇನ್ನೂ ಕೈಗೆ ಬಂದಿಲ್ಲ. ೨೦ಕ್ಕೆ ಸಿಗುತ್ತದೆ. ನೀನು ಮಾಡಿದ ಏರ್ಪಾಡು ಹಾಗೆಯೇ ಇರಲಿ.

ಇರ್ಫಾನಾಳಿಗೆ ಉಪ್ಪು ಪೂರಾ ಬಿಡಿಸಬೇಡಿ, ಅವಳಿಗೆ ಊಟ ಸೇರುವುದಿಲ್ಲ. ಎಡ ಮಗ್ಗುಲಲ್ಲಿ ಮಲಗಲಿಕ್ಕೆ ಹೇಳು. ಇನ್ನೇನು ಬರೆಯಲಿ. ಗಾಳಿಗೆ ಬಾಗಿಲು ನಿಲ್ಲುವುದಿಲ್ಲ, ಕಲ್ಲು ಅಡ್ಡ ಕೊಟ್ಟಿದ್ದೇನೆ.

ಬೀಫಾತುಮ್ಮ


ವಾದಿ ಕಬೀರ್
೧೬ ಜುಲೈ ೨೦೨೪

ಬೀಫಾತುಮ್ಮಕ್ಕ,

ಶುಭ ಸುದ್ದಿ. ನೀವು ಅಜ್ಜಿಯಾದಿರಿ. ನಿನ್ನೆ ಬೆಳಿಗ್ಗೆ ಇರ್ಫಾನಾಳಿಗೆ ಹೆಣ್ಣು ಮಗು. ದಿನ ತುಂಬುವ ಮೊದಲೇ ಆಗಿದೆ, ಆದರೆ ಮಗು ಗಟ್ಟಿ ಉಂಟು, ಒಂದು ಕಿಲೋ ಎಂಟುನೂರು ಗ್ರಾಂ. ತಲೆತುಂಬ ಕೂದಲಂತೆ. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೇ ಆದದ್ದರಿಂದ ಎಲ್ಲ ಸೌಕರ್ಯ ಉಂಟು. ಇರ್ಫಾನಾ ಚೆನ್ನಾಗಿದ್ದಾಳೆ. ನಿದ್ದೆ ಮಾಡುತ್ತಿದ್ದಾಳೆ. ಅವಳ ಫೋನ್ ಆಸ್ಪತ್ರೆಯ ಗಡಿಬಿಡಿಯಲ್ಲಿ ಬಿದ್ದು ಒಡೆದಿದೆ, ಹಾಗಾಗಿ ಮಾತಾಡಲಿಕ್ಕೆ ಸಿಗಲಿಕ್ಕಿಲ್ಲ.

ನೀವು ನಿಶ್ಚಿಂತೆಯಿಂದ ೨೦ಕ್ಕೆ ಹೊರಡಿ. ಏನೂ ಯೋಚನೆ ಬೇಡ. ಫೆರಿಯಲ್ಲಿ ಕೆಳಗೆ ಗಾಡಿಗಳ ಹತ್ತಿರ ಕೂರಬೇಡಿ, ಮೇಲೆ ಕುರ್ಚಿ ಉಂಟು. ಎಲ್ಲ ಚೆನ್ನಾಗಿದೆ.

ವಿನೋದಾ


ಮಸೀರಾ
೧೮ ಜುಲೈ ೨೦೨೪

ನನ್ನ ಮಗಳೇ ವಿನೋದಾ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಿನ್ನ ಪತ್ರವನ್ನು ಬಂಗಾಳಿ ತಂದು ಕೊಟ್ಟಾಗ ನಾನು ಹುಣ್ಣಿಗೆ ಮದ್ದು ಹಚ್ಚುತ್ತಿದ್ದೆ. ಕೈ ತೊಳೆಯದೆ ಓದಿದೆ. ಒಂದು ಕಿಲೋ ಎಂಟುನೂರು ಎಂದರೆ ಏನೂ ಕಡಿಮೆ ಅಲ್ಲ. ಇರ್ಫಾನಾ ಹುಟ್ಟುವಾಗ ಎರಡು ಕೂಡ ಇರಲಿಲ್ಲ, ಅಂಗೈಯಲ್ಲಿ ಮಲಗಿಸುವಷ್ಟಿದ್ದಳು.

ಮಾಮಾರ ಕಿವಿಯ ಹತ್ತಿರ ಬಾಗಿ "ನನ್ನ ಮಗಳಿಗೆ ಮಗಳು" ಎಂದೆ. ಅರ್ಥವಾಯಿತು. ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ ಅಳುತ್ತಾ ನಕ್ಕರು. ಸೇಮಿಗೆ ಪಾಯಸ ಮಾಡಿದೆ, ಅವರ ತುಟಿಗೆ ಒಂದು ಚಮಚ ಮುಟ್ಟಿಸಿದೆ. ಬಂಗಾಳಿಗೆ ಒಂದು ಡಬ್ಬಿ, ಆಡಿನವರ ಮನೆಗೆ ಒಂದು ಡಬ್ಬಿ. ನನಗೆ ಇಷ್ಟು ನೆಮ್ಮದಿ ಯಾವಾಗ ಇತ್ತೋ ನೆನಪಿಲ್ಲ.

ಈಗ ಒಂದು ವಿಷಯ ಹೇಳುತ್ತೇನೆ, ಕೋಪ ಮಾಡಬೇಡ. ನಾನು ೨೦ಕ್ಕೆ ಹೊರಡುವುದಿಲ್ಲ. ಬರುತ್ತೇನೆಂದಿದ್ದ ಹೆಂಗಸು ಬರುವುದಿಲ್ಲವೆಂದು ಫಾಹಿಮ್ ಹೇಳಿ ಕಳಿಸಿದ್ದಾನೆ. ನಾಳೆ ಅವನು ರಜೆ ಹಾಕಿ ಬರುತ್ತಾನಂತೆ. ಆದರೆ ಗಂಡಸು, ತಾಯಿಯನ್ನು ಹೇಗೆ ತೊಳೆಯುತ್ತಾನೆ? ಮಾಮಾರಿಗೆ ಹೆಚ್ಚು ದಿನ ಇಲ್ಲ. ಉಸಿರಿನ ಲೆಕ್ಕ ನನಗೆ ಗೊತ್ತಾಗುತ್ತದೆ. ಇರ್ಫಾನಾ ಕಷ್ಟದಲ್ಲಿದ್ದಿದ್ದರೆ ಈಜಿಕೊಂಡಾದರೂ ಬರುತ್ತಿದ್ದೆ. ಈಗ ಅವಳು ಗೆದ್ದಾಯಿತು. ನಲವತ್ತು ದಿನದ ಒಳಗೆ ತಲುಪಿದರೆ ಬಾಣಂತನ ನನ್ನದೇ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ವಿಮಾನದ ಟಿಕೆಟ್ ಮುಂದಕ್ಕೆ ಹಾಕು.

ಅವಳಿಗೆ ಹೇಳು, ಉಮ್ಮ ಒಬ್ಬರ ಋಣ ಮುಗಿಸಿ ಬರುತ್ತಾಳೆ ಅಂತ. ಅವಳಿಗೆ ಅರ್ಥವಾಗುತ್ತದೆ.

ನಿನ್ನ
ಬೀಫಾತುಮ್ಮ


ವಾದಿ ಕಬೀರ್
೨೩ ಜುಲೈ ೨೦೨೪

ಅಕ್ಕ,

ಹಿಲ್ಫ್‌ನಲ್ಲಿ ಗಾಡಿಗಳ ಸಾಲು ದೊಡ್ಡದಿದ್ದು ಶಾಫಿಯವರಿಗೆ ಈಚೆ ಬರಲು ಶನಿವಾರವೇ ಆಯಿತು. ಅದೇ ೨೦ರ ಫೆರಿ. ನಾನು ಅನ್ನ, ಮೀನುಸಾರು ಮಾಡಿ ನಿಮ್ಮನ್ನು ಕಾಯುತ್ತಿದ್ದೆ. ಅವರು ಮೆಟ್ಟಿಲು ಹತ್ತಿ ಬಂದು ನಿಮ್ಮ ಪತ್ರ ಕೊಟ್ಟರು.

ಹೊರಡಿ ಅಕ್ಕ. ಈ ಪತ್ರ ಸಿಕ್ಕಿದ ಕೂಡಲೇ ಹೊರಡಿ. ಯಾರು ಇರಲಿ, ಯಾರು ಹೋಗಲಿ, ಮೊದಲ ಫೆರಿಗೆ ಹತ್ತಿ. ಫಾಹಿಮ್‌ಗೆ ಎಷ್ಟು ಸಲ ಫೋನ್ ಮಾಡಿದರೂ ಹೋಗುವುದಿಲ್ಲ, ಅವನೂ ನಿಮ್ಮ ಜೊತೆ ಆ ಗುಡ್ಡದ ಹಿಂದೆಯೇ ಇದ್ದಾನೆ. ಬಂಗಾಳಿಗೆ ಭಾನುವಾರವೇ ಹೇಳಿದ್ದೆ, ನಿಮ್ಮನ್ನು ಅಂಗಡಿಗೆ ಕರೆತಂದು ನನ್ನ ಜೊತೆ ಮಾತಾಡಿಸು ಅಂತ. ಅವನು ಹೇಳಿದನೋ ಇಲ್ಲವೋ. ಇರ್ಫಾನಾಳಿಗೆ ನೀವು ಬೇಕು. ತುಂಬ ಬೇಕು. ಅದಕ್ಕಿಂತ ಹೆಚ್ಚು ಬರೆಯಲಾರೆ. ಬನ್ನಿ.

ವಿನೋದಾ


ವಾದಿ ಕಬೀರ್
೨೯ ಜುಲೈ ೨೦೨೪

ಬೀಫಾತುಮ್ಮಕ್ಕ,

ಹಿಂದಿನ ಪತ್ರ ನಿಮಗೆ ತಲುಪಲಿಲ್ಲ. ಗಾಳಿಗೆ ಫೆರಿ ನಿಂತು, ಶಾಫಿಯವರು ಶನ್ನಾದಲ್ಲಿ ಎರಡು ದಿನ ಕಾದು, ತರಕಾರಿ ಕೊಳೆಯತೊಡಗಿದ ಮೇಲೆ ಅದನ್ನು ಹಾಗೆಯೇ ವಾಪಸು ತಂದರು. ಇದರ ಜೊತೆ ಇಟ್ಟಿದ್ದೇನೆ. ಬುಧವಾರ ಫೆರಿ ಹೊರಡಬಹುದಂತೆ, ನೀವು ಅದರಲ್ಲೇ ಬರುತ್ತೀರೆಂದು ಬಂಗಾಳಿ ಫೋನಿನಲ್ಲಿ ಹೇಳಿದ. ನೀವು ಇಳಿದ ಮೇಲೆ ಕೊಡಿ ಎಂದು ಅವರ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ.

ಹೇಗೆ ಬರೆಯುವುದೆಂದು ಮೂರು ದಿನದಿಂದ ಕೂತಿದ್ದೇನೆ. ಇರ್ಫಾನಾ ಇಲ್ಲ ಅಕ್ಕ. ಗುರುವಾರ, ೨೫ನೇ ತಾರೀಕು, ಮಧ್ಯಾಹ್ನ ಮೂರೂವರೆಗೆ ಹೋದಳು. ಮಗು ಇದೆ. ಮಗುವಿಗೆ ಏನೂ ಆಗಿಲ್ಲ.

ನಾನು ನಿಮಗೆ ಸುಳ್ಳು ಬರೆದೆ. ೧೪ನೇ ತಾರೀಕು ಅವಳಿಗೆ ಬಿಪಿ ಏರಿ ಆಸ್ಪತ್ರೆಗೆ ಸೇರಿಸಿದರು. ೧೫ಕ್ಕೆ ಅಪಸ್ಮಾರದ ಹಾಗೆ ಬಂತು, ಕೂಡಲೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಆಪರೇಷನ್ ಆದ ಮೇಲೆ ಅವಳಿಗೆ ಎಚ್ಚರವಾಗಲೇ ಇಲ್ಲ. ನಿದ್ದೆ ಮಾಡುತ್ತಿದ್ದಾಳೆ ಎಂದು ನಾನು ಬರೆದ ಹೊತ್ತಿಗೆ ಅವಳು ಐಸಿಯುನಲ್ಲಿ ಮಿಷನ್ನಿನ ಉಸಿರಿನಲ್ಲಿದ್ದಳು. ಫೋನ್ ಒಡೆದಿರಲಿಲ್ಲ.

ನೀವು ೨೦ಕ್ಕೆ ಹೇಗೂ ಹೊರಡುತ್ತೀರಿ ಎಂದು ಎಣಿಸಿದ್ದೆ. ಗೊತ್ತಾದರೆ ಎರಡು ದಿನ ಆ ಮನೆಯಲ್ಲಿ, ಆಮೇಲೆ ಫೆರಿಯಲ್ಲಿ, ಐನೂರು ಕಿಲೋಮೀಟರ್ ಗಾಡಿಯಲ್ಲಿ, ವಿಮಾನದಲ್ಲಿ, ಅದನ್ನು ಒಬ್ಬರೇ ಹೊತ್ತು ಬರಬೇಕಲ್ಲ ಎಂದು ಹೆದರಿದೆ. ನನ್ನ ಮನೆಗೆ ಬಂದ ಮೇಲೆ, ಪಕ್ಕದಲ್ಲಿ ಕೂತು ಹೇಳುತ್ತೇನೆ ಎಂದುಕೊಂಡೆ. ನೀವು ಆ ಪತ್ರ ನಂಬಿ ಅಲ್ಲೇ ನಿಲ್ಲುತ್ತೀರಿ ಎಂದು ನನಗೆ ಹೊಳೆಯಲಿಲ್ಲ. ಎಲ್ಲರ ಕಾಗದ ತುಂಬುವವಳು ನಾನು, ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆಂದು ಗೊತ್ತಿದ್ದವಳು.

ಬಂಗಾಳಿಯ ಹತ್ತಿರ ಸತ್ಯ ಹೇಳಬಹುದಿತ್ತು. ಗುರುತಿಲ್ಲದವನ ಬಾಯಿಯಿಂದ ನೀವು ಅದನ್ನು ಕೇಳುವುದು ಬೇಡ ಎನಿಸಿತು. ಅದೂ ತಪ್ಪೇ.

ಕ್ಷಮಿಸಿ ಎನ್ನಲಿಕ್ಕೆ ನನಗೆ ಮುಖ ಇಲ್ಲ. ಗುರುವಾರದ ವಿಮಾನಕ್ಕೆ ಟಿಕೆಟ್ ಆಗಿದೆ. ನಾನು ಮನೆಯಲ್ಲೇ ಇರುತ್ತೇನೆ. ಬೈಯಿರಿ, ಹೊಡೆಯಿರಿ, ಆದರೆ ಬನ್ನಿ.

ವಿನೋದಾ


ಹಿಲ್ಫ್, ಫೆರಿ ಕಟ್ಟೆ
೩೧ ಜುಲೈ ೨೦೨೪, ಬುಧವಾರ ಬೆಳಿಗ್ಗೆ

ವಿನೋದಾ,

ಶಾಫಿ ಆಚೆ ದಡದಲ್ಲಿ ಕಾಯುತ್ತಿದ್ದಾನಂತೆ. ಆದರೂ ಫೆರಿ ಹೊರಡುವವರೆಗೆ ಕೂತು ಬರೆಯುತ್ತಿದ್ದೇನೆ, ಕೈ ಸುಮ್ಮನಿರುವುದಿಲ್ಲ.

ಮಾಮಾ ಶುಕ್ರವಾರ ಹೋದರು. ನಾನು ಕುರಾನಿನ ಯಾಸೀನ್ ಓದುತ್ತಿದ್ದೆ, ಫಾಹಿಮ್ ಕಾಲು ಹಿಡಿದುಕೊಂಡಿದ್ದ. ಆಡಿನವರ ಮನೆಯ ಹೆಂಗಸರೂ ನಾನೂ ಸ್ನಾನ ಮಾಡಿಸಿದೆವು. ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಬಂದು ಫಾಹಿಮ್ ನನ್ನ ಎದುರು ನೆಲದಲ್ಲಿ ಕೂತು, "ಫಾತ್ಮಾ, ನಿನ್ನ ಮಗಳ ಹತ್ತಿರ ನನಗಾಗಿ ಮಾಫಿ ಕೇಳು" ಎಂದ. ಕೇಳುತ್ತೇನೆ ಎಂದೆ.

ನೀನು ಹೇಳಿ ಕಳಿಸಿದ ದಿನ ಬಂಗಾಳಿ ಬಂದು "ಜಲ್ದಿ ಆವೋ, ಬಚ್ಚಾ ಬುಲಾತಾ" ಎಂದಿದ್ದ. ಮಗು ಕರೆಯುತ್ತಿದೆಯಂತೆ, ಹುಟ್ಟಿ ಏಳು ದಿನಕ್ಕೆ. ನಿನ್ನ ತಮಾಷೆ ಎಂದು ಗೊತ್ತಾಗಿ ನಗು ಬಂತು. ಮೊದಲ ಫೆರಿಗೆ ಬರುತ್ತೇನೆಂದು ಹೇಳು ಎಂದೆ. ಹೇಳಿದನಾ?

ಬಾಣಂತಿಗೆ ಇಲ್ಲಿಯ ಖರ್ಜೂರ, ಜೇನುತುಪ್ಪ ತೆಗೆದುಕೊಂಡಿದ್ದೇನೆ. ಮಗುವಿಗೆ ಏನೂ ಇಲ್ಲ, ನಿನ್ನ ಪೇಟೆಯಲ್ಲಿ ಒಂದು ಸಣ್ಣ ಅಂಗಿ ತೆಗೆದುಕೊಳ್ಳೋಣ. ಬಾಗಿಲು ಇಳಿಸಿದರು. ಕಾರ್ಡು ಕೈಯಲ್ಲೇ ಹಿಡಿದುಕೊಂಡಿದ್ದೇನೆ.

ಬೀಫಾತುಮ್ಮ


ಕಾಟಿಪಳ್ಳ
೨೨ ಆಗಸ್ಟ್ ೨೦೨೪

ವಿನೋದಾ,

ಶನ್ನಾದಲ್ಲಿ ಇಳಿದ ಮೇಲೆ ಹಿಲ್ಫ್‌ನಲ್ಲಿ ಬರೆದದ್ದನ್ನು ನಾನು ಶಾಫಿಗೆ ಕೊಟ್ಟೆ, ನಿನ್ನದನ್ನು ಅವನು ನನಗೆ ಕೊಟ್ಟ. ಅವನ ಮುಖ ನೋಡಿಯೇ ನನಗೆ ಓದುವುದು ಬೇಡ ಎನಿಸಿತು. ಓದಿದೆ. ಆಮೇಲೆ ಉಪ್ಪಿನ ಬಯಲಿನ ರಸ್ತೆಯಲ್ಲಿ ನಾವು ಎಷ್ಟು ಹೊತ್ತು ಹೋದೆವೋ ಗೊತ್ತಿಲ್ಲ. "ಎಲ್ಲಿಯಾದರೂ ನಿಲ್ಲಿಸ್ಬೇಕಾ ತಾಯಿ?" ಅಂತ ಕೇಳಿದ. ನೇರ ಏರ್‌ಪೋರ್ಟಿಗೆ ಬಿಡು ಎಂದೆ. ನಿನ್ನ ಮನೆಗೆ ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದೆನೋ, ಅದು ಹೇಳಿಸಿಕೊಳ್ಳುವಂಥದ್ದಲ್ಲ.

ನೀನು ನಿನ್ನ ಅಮ್ಮನ ಫೋನಿಗೆ ದಿನಾ ಮಾಡುತ್ತಿದ್ದೀ, ನಾನು ಎದ್ದು ಹೋಗುತ್ತಿದ್ದೇನೆ. ಬಾಯಿಯಲ್ಲಿ ಹೇಳಲಾಗದ್ದಕ್ಕೆ ಮತ್ತೆ ಕಾಗದವೇ ಆಯಿತು.

ನನ್ನ ಮಗಳ ಉಸಿರು ಇದ್ದ ಹತ್ತು ದಿನದಲ್ಲಿ ನಾನು ಪಾಯಸ ಹಂಚಿದೆ. ಅದನ್ನು ನಾನು ನಿನಗೆ ಕ್ಷಮಿಸಲಾರೆ, ವಿನೋದಾ. ಪ್ರಯತ್ನ ಮಾಡಿದೆ, ಆಗಲಿಲ್ಲ. ನೀನು ನನ್ನನ್ನು ಕೇಳಬೇಕಿತ್ತು, ತಡೆದುಕೊಳ್ಳುತ್ತೀರಾ ಅಂತ. ಐವತ್ತೊಂದು ವರ್ಷ ಎಲ್ಲವನ್ನೂ ತಡೆದುಕೊಂಡವಳು ನಾನು.

ಹದಿನೈದು ದಿನ ಎಲ್ಲ ನಿನ್ನ ಮೇಲೆಯೇ ಹಾಕಿ ಕೂತಿದ್ದೆ. ಅದು ಸುಲಭ ಇತ್ತು. ಆದರೆ ನಮಾಜಿಗೆ ಕೂತರೆ ಒಂದು ಮಾತು ಎದುರು ಬಂದು ನಿಲ್ಲುತ್ತದೆ. ಅದನ್ನು ಬೇರೆ ಯಾರಿಗೂ ಹೇಳಿಲ್ಲ. ಜುಲೈ ೧೧ರಂದು ಕಾರ್ಡು ಕೈಗೆ ಬಂದಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಫಾಹಿಮ್ ಐದನೇ ತಾರೀಕಿಗೇ ಬಂದಿದ್ದ. ನಿನ್ನ ಮಾತು ಅವನಿಗೆ ನಾಟಿತ್ತು. ಕಾರ್ಡು, ಪಾಸ್‌ಪೋರ್ಟು ನನ್ನ ಮಡಿಲಿಗಿಟ್ಟು, "ನಾಳೆ ನನ್ನ ಜೊತೆಯೇ ಫೆರಿಗೆ ಬಾ ಬೇಕಾದರೆ. ಇಲ್ಲಿಯದು ನಾನು ಏನಾದರೂ ಮಾಡುತ್ತೇನೆ" ಎಂದ. ಆರನೇ ತಾರೀಕಿನ ಫೆರಿ. ಏಳಕ್ಕೆ ನಾನು ಊರಿನಲ್ಲಿರುತ್ತಿದ್ದೆ. ಇರ್ಫಾನಾ ಮನೆಯಲ್ಲಿ, ಇದೇ ಜಗಲಿಯಲ್ಲಿ, ಕಾಲು ಚಾಚಿ ಕೂತಿರುತ್ತಿದ್ದಳು.

ನಾನು ಹೋಗಲಿಲ್ಲ. ಮಾಮಾರ ಒಡೆದ ಹಣೆ ಕಣ್ಣಿಗೆ ಬರುತ್ತಿತ್ತು. ೨೦ ಹೇಗೂ ಉಂಟಲ್ಲ, ಇರ್ಫಾನಾಳಿಗೆ ಇನ್ನೂ ದಿನ ಉಂಟಲ್ಲ ಎಂದುಕೊಂಡೆ. ನಿನಗೆ ಹೇಳಿದರೆ ಹೊರಡಿಸಿಬಿಡುತ್ತಿ ಎಂದು ಮುಚ್ಚಿಟ್ಟೆ. ಹಾಗಾಗಿ ನಿನ್ನ ಸುಳ್ಳಿಗೆ ಐದು ದಿನ ಮೊದಲು ನನ್ನದಿತ್ತು. ನನ್ನನ್ನು ಕಟ್ಟಿಹಾಕಿದವರು ಯಾರೂ ಇರಲಿಲ್ಲ. ಇಷ್ಟು ನಿನಗೆ ತಿಳಿದಿರಬೇಕು. ಮಾಡಿದ್ದಕ್ಕಿಂತ ಹೆಚ್ಚನ್ನು ನೀನು ಹೊರುವುದು ಬೇಡ.

ಮೊನ್ನೆ ಫರ್ಝಾನಾ ಬಟ್ಟೆ ಮಡಚುತ್ತಾ ಇದ್ದವಳು ಇದ್ದಕ್ಕಿದ್ದಂತೆ ಅಳಲಿಕ್ಕೆ ಶುರು ಮಾಡಿದಳು. ಏನು ಕೇಳಿದರೂ ಹೇಳಲೊಲ್ಲಳು. ಕೊನೆಗೆ ಹೇಳಿದಳು. ಆಪರೇಷನ್ನಿಗೆ ಒಯ್ಯುವಾಗ ಇರ್ಫಾನಾ ಒಮ್ಮೆ ಕಣ್ಣು ತೆರೆದು ಇವಳ ಕೈ ಹಿಡಿದು, "ಉಮ್ಮ ಫೆರಿ ಹತ್ತಿದ್ರಾ?" ಅಂತ ಕೇಳಿದಳಂತೆ. ಇವಳು "ಹತ್ತಿದ್ದಾರೆ, ದಾಟಿ ಆಯ್ತು, ನಾಳೆ ಇಲ್ಲಿರ್ತಾರೆ" ಅಂದಳಂತೆ. ಇರ್ಫಾನಾ "ಹಾಗಾದ್ರೆ ಸರಿ" ಅಂತ ಕಣ್ಣು ಮುಚ್ಚಿದಳಂತೆ.

"ನಾನು ಸುಳ್ಳು ಹೇಳಿದೆ ಉಮ್ಮಾ, ಅವಳು ಸುಳ್ಳು ಕೇಳಿಕೊಂಡೇ ಹೋದಳು" ಎಂದು ಹದಿನೇಳು ವರ್ಷದವಳು ನನ್ನ ಮಡಿಲಲ್ಲಿ ತಲೆ ಇಟ್ಟಳು. ತಲೆ ನೇವರಿಸುತ್ತಾ ಕೂತೆ. ತುಂಬ ಹೊತ್ತು ಕೂತೆ. ಆಗ ನಿನ್ನ ನೆನಪು ಬಂತು, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಮಗು ಮನೆಗೆ ಬಂದು ಒಂಬತ್ತು ದಿನ. ಎರಡು ಕಿಲೋ ನೂರು. ಅಮೀನತ್ ಎಂದು ಹೆಸರಿಟ್ಟೆವು, ಇರ್ಫಾನಾ ಹಾಗೆ ಹೇಳಿಟ್ಟಿದ್ದಳಂತೆ. ಎರಡು ಗಂಟೆಗೊಮ್ಮೆ ಹಾಲು, ಚಮಚದಲ್ಲೇ ಕುಡಿಸಬೇಕು. ಶರ್ಫುದ್ದೀನ್ ಮಗುವನ್ನು ಎತ್ತಿಕೊಳ್ಳುವುದಿಲ್ಲ, ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾನೆ. ಅವನಿಗೂ ಸಮಯ ಬೇಕು.

ರಜೆಗೆ ಬಂದರೆ ಈ ಕಡೆ ಬಾ. ಬಂದರೆ ನಾನು ಒಳಗೆ ಎದ್ದು ಹೋಗುತ್ತೇನೋ, ಕೂರುತ್ತೇನೋ, ಈಗ ಹೇಳಲಾರೆ. ನೀನು ಬಂದು ಕೂತಿರು. ಮಗು ಎದ್ದಿತು, ನಿಲ್ಲಿಸುತ್ತೇನೆ.

ಬೀಫಾತುಮ್ಮ